ಸಿ.ಡಿ. ಕಾಪಿ ಆಯ್ತು, ಹಾಡೆಲ್ಲಿ?

ಹಾಡಿನ ಸಿ.ಡಿ.ಯನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ತೆರೆದರೆ ‘ಟ್ರ್ಯಾಕ್01’, ‘ಟ್ರ್ಯಾಕ್02’ ಅಂತ ಸಾಲಾಗಿ ಫೈಲುಗಳು ಕಾಣುತ್ತವೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಷ್ಟು ಬೇಗ ಮುಗಿದರೆ ಅನುಮಾನ ಪಡಿ. ಆ ‘ಸಿಡಿಎ’ ಫೈಲುಗಳಲ್ಲಿ ಹಾಡೇ ಇರುವುದಿಲ್ಲ. ಒಂದೊಂದೂ ಬರೀ 44 ಬೈಟ್. ‘ಈ ಹಾಡು ಡಿಸ್ಕಿನ ಇಂಥ ಜಾಗದಲ್ಲಿ ಶುರುವಾಗುತ್ತೆ’ ಅಂತ ಹೇಳುವ ವಿಳಾಸದ ಚೀಟಿ, ಅಷ್ಟೇ.

1982ರಲ್ಲಿ ಮಾರುಕಟ್ಟೆಗೆ ಬಂದಾಗ ಸಿ.ಡಿ. ಇದ್ದದ್ದು ಮ್ಯೂಸಿಕ್ ಪ್ಲೇಯರಿಗಾಗಿ, ಕಂಪ್ಯೂಟರಿಗಲ್ಲ. ಅದರಲ್ಲಿ ಫೈಲು, ಫೋಲ್ಡರು ಏನೂ ಇಲ್ಲ. ಸೆಕೆಂಡಿಗೆ 44,100 ಸಲ ಅಳೆದ ಧ್ವನಿ, ಪ್ರತಿ ಅಳತೆಗೆ 16 ಬಿಟ್, ಎಡ–ಬಲ ಎರಡು ಚಾನೆಲ್. ಇದೆಲ್ಲ ಒಂದೇ ಉದ್ದನೆಯ ಸುರುಳಿಯಾಗಿ ಕೂತಿರುತ್ತದೆ. ಅದನ್ನು ಓದಿ ಫೈಲಾಗಿಸುವುದಕ್ಕೇ ‘ರಿಪ್’ ಮಾಡೋದು ಅನ್ನೋದು.

ರಿಪ್ ಮಾಡುವುದಾದರೆ ಫ್ಲ್ಯಾಕ್‌ಗೇ ಮಾಡಿ. ಎಂಪಿ3 ಜಾಗ ಉಳಿಸಲು ಧ್ವನಿಯ ಒಂದಷ್ಟು ಭಾಗವನ್ನು ಬಿಸಾಡುತ್ತದೆ. ಫ್ಲ್ಯಾಕ್ ಜಿಪ್ ಫೈಲಿನ ಹಾಗೆ: ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಒಂದು ಬಿಟ್ ಕೂಡ ಕಳೆದುಹೋಗುವುದಿಲ್ಲ. ಕಿವಿಗೆ ವ್ಯತ್ಯಾಸ ಗೊತ್ತಾಗುತ್ತಾ ಅಂತ ಕೇಳಿದರೆ, ಒಳ್ಳೆಯ 320 ಕೆಬಿಪಿಎಸ್ ಎಂಪಿ3 ಜೊತೆ ಹೋಲಿಸಿದಾಗ ನನಗಂತೂ ಗೊತ್ತಾಗಲ್ಲ. ವಿಷಯ ಅದಲ್ಲ. ಫ್ಲ್ಯಾಕ್‌ನಿಂದ ನಾಳೆ ಎಂಪಿ3 ಮಾಡಿಕೊಳ್ಳಬಹುದು. ಎಂಪಿ3ಯಲ್ಲಿ ಹೋದದ್ದು ಮತ್ತೆ ಬರಲ್ಲ.

ಮೈಸೂರಿನ ನಮ್ಮ ಸೋದರಮಾವ ಹನ್ನೆರಡು ಸಿ.ಡಿ. ಮುಂದಿಟ್ಟುಕೊಂಡು ಕೂತಿದ್ದರು. "ಇದನ್ನೆಲ್ಲ ನಾನೇ ಮಾಡಬೇಕು ಕಣೋ, ನೀನು ಪಕ್ಕದಲ್ಲಿ ಕೂತು ಹೇಳು" ಅಂದರು. ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ನಾನು ತೆಗೆದುಕೊಂಡು ಹೋಗಿದ್ದೆ. ಎಕ್ಸ್ಯಾಕ್ಟ್ ಆಡಿಯೊ ಕಾಪಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಟ್ಟೆ. ನಿಮ್ಮದು ಮ್ಯಾಕ್ ಆದರೆ ಎಕ್ಸ್‌ಎಲ್‌ಡಿ ಇದೆ.

"ಒಂದು ಹಾಡಿಗೆ ಇಷ್ಟು ಹೊತ್ತಾ?" ಅಂತ ಮಾವ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಡೇಟಾ ಸಿ.ಡಿ.ಯಲ್ಲಿ ತಪ್ಪು ಹಿಡಿಯಲು, ತಿದ್ದಲು ಹೆಚ್ಚುವರಿ ಬೈಟ್‌ಗಳಿರುತ್ತವೆ. ಆಡಿಯೊ ಸಿ.ಡಿ.ಯಲ್ಲಿ ಆ ಜಾಗವೂ ಧ್ವನಿಗೇ ಹೋಗಿದೆ. ಗೀರು ಜೋರಾಗಿದ್ದರೆ ಪ್ಲೇಯರು ಅಕ್ಕಪಕ್ಕದ ಧ್ವನಿ ನೋಡಿ ಅಂದಾಜಿನಲ್ಲಿ ತೇಪೆ ಹಾಕಿ ಮುಂದೆ ಹೋಗುತ್ತದೆ. ಸೆಕ್ಯೂರ್ ಮೋಡ್‌ನಲ್ಲಿ ಈ ಸಾಫ್ಟ್‌ವೇರ್ ಹಾಗೆ ಬಿಡಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಆಮೇಲೆ ಆಕ್ಯುರೇಟ್‌ರಿಪ್ ಅನ್ನುವ ಪಟ್ಟಿಯಲ್ಲಿ ಅದೇ ಸಿ.ಡಿ.ಯನ್ನು ಬೇರೆಯವರು ರಿಪ್ ಮಾಡಿದಾಗ ಸಿಕ್ಕ ಲೆಕ್ಕದೊಂದಿಗೂ ಹೋಲಿಸುತ್ತದೆ. ಹೊಂದಿದರೆ ನಿಶ್ಚಿಂತೆ.

ಹನ್ನೆರಡರಲ್ಲಿ ಎರಡು ‘100 ಹಾಡುಗಳು’ ಥರದ ಎಂಪಿ3 ಸಿ.ಡಿ.ಗಳು. ಅವನ್ನು ಸುಮ್ಮನೆ ಕಾಪಿ ಮಾಡಿದರೆ ಸಾಕು. ಫ್ಲ್ಯಾಕ್‌ಗೆ ಬದಲಾಯಿಸಿದರೆ ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದ ಹಾಗೆ. ಭಾವಗೀತೆ, ಕರ್ನಾಟಕ ಸಂಗೀತದ ಡಿಸ್ಕುಗಳಿಗೆ ಇಂಟರ್ನೆಟ್ಟಿನಿಂದ ಹೆಸರು ಸಿಗದಿದ್ದಾಗ ಮಾವ ರಾಗ, ರಚನೆಕಾರರ ಸಮೇತ ಕನ್ನಡದಲ್ಲೇ ಟೈಪ್ ಮಾಡಿದರು. ಈ ಕೆಲಸಕ್ಕೆ ಅವರಿಗಿಂತ ಒಳ್ಳೆಯ ಡೇಟಾಬೇಸ್ ಸಿಗಲ್ಲ!

ಕೊನೆಯದು ಅತ್ತೆಯದು. ಅವರು ಮನೆಯಲ್ಲಿ ಹಾಡಿದ ಎಂಟು ದೇವರನಾಮಗಳನ್ನು ಯಾರೋ ರೆಕಾರ್ಡ್ ಮಾಡಿ ಬರೆದುಕೊಟ್ಟ ಸಿ.ಡಿ. ಅತ್ತೆ ಹೋಗಿ ನಾಲ್ಕು ವರ್ಷವಾಯಿತು; ಬೇರೆ ಪ್ರತಿ ಇಲ್ಲ. ಹಾಗಾಗಿ ಆಕ್ಯುರೇಟ್‌ರಿಪ್‌ನಿಂದ ಇಲ್ಲಿ ಪ್ರಯೋಜನವಿಲ್ಲ. ಮೇಲಾಗಿ ಇಂಥ ಸಿ.ಡಿ.ಗಳಲ್ಲಿ ಹಾಡು ಇರುವುದು ಬಣ್ಣದ ಪದರದಲ್ಲಿ. ಬಿಸಿಲು, ವಯಸ್ಸು ಎರಡೂ ಅದಕ್ಕೆ ಆಗಿಬರಲ್ಲ. ‘ಟೆಸ್ಟ್ ಅಂಡ್ ಕಾಪಿ’ ಒತ್ತಿ ಪ್ರತಿ ಹಾಡನ್ನೂ ಎರಡು ಸಲ ಓದಿಸಿದೆವು. ಏಳು ಹೊಂದಿದವು, ಐದನೆಯದು ಹೊಂದಲಿಲ್ಲ. ಮಾವ ಮಾತಾಡಲಿಲ್ಲ.

ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆವು (ಸುತ್ತಲೂ ಉಜ್ಜಬೇಡಿ, ಸುರುಳಿಯುದ್ದಕ್ಕೂ ಗೀರು ಬಿದ್ದರೆ ತಿದ್ದುವುದು ಕಷ್ಟ). ಆಗಲೂ ಆಗಲಿಲ್ಲ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಪಕ್ಕದ ಮನೆಯವರ ಹಳೇ ಡೆಸ್ಕ್‌ಟಾಪಿನಲ್ಲಿ ಹಾಕಿದಾಗ ಒಂದೇ ಒಂದು ಜಾಗ ಬಿಟ್ಟು ಉಳಿದದ್ದೆಲ್ಲ ಬಂತು. ಲಾಗ್‌ನಲ್ಲಿ ಆ ಜಾಗದ ನಿಮಿಷ–ಸೆಕೆಂಡು ಬರೆದಿರುತ್ತದೆ. ಅಲ್ಲಿಗೇ ಹೋಗಿ ಕೇಳಿದೆವು. ಪಲ್ಲವಿ ಮುಗಿದ ಮೇಲೆ ಒಂದು ‘ಟಿಕ್’. "ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದು ಮಾವ" ಅಂದೆ. "ಬೇಡ, ಅವಳ ದನಿಗೆ ಏನೂ ಆಗಿಲ್ಲವಲ್ಲ" ಅಂದರು.

ರಿಪ್ ಆದ ಮೇಲೆ ಲಾಗ್ ಫೈಲನ್ನು ಅದೇ ಫೋಲ್ಡರಿನಲ್ಲಿಡಿ. ಒಂದು ಪ್ರತಿ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿರಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ನಿಮ್ಮ ಮನೆಯ ಡಬ್ಬದಲ್ಲಿ ಮಾರ್ಕರಿನಿಂದ ಹೆಸರು ಬರೆದ ಸಿ.ಡಿ. ಇದ್ದರೆ ಅಂಗಡಿಯಿಂದ ತಂದವನ್ನು ಬದಿಗಿಟ್ಟು ಮೊದಲು ಅದನ್ನೇ ಡ್ರೈವಿಗೆ ಹಾಕಿ.