ಓದಿ ಬೈಯಿರಿ

"ಫೋನಿನಲ್ಲಿ ಓದುವುದೂ ಒಂದು ಓದೇ?" ಎನ್ನುವವರಿಗೆ ನನ್ನದೊಂದು ಮಾತು. ತ್ರಿವೇಣಿ, ಎಂ.ಕೆ. ಇಂದಿರಾ ಕಾಲದ ಲೇಖಕಿಯರ ಕಾದಂಬರಿಗಳನ್ನೂ 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದದ್ದುಂಟು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಈಗ ಗೃಹಿಣಿಯರು ಪ್ರಕಾಶಕರ ಬಾಗಿಲು ಕಾಯದೆ ಪ್ರೇಮಕಥೆ, ದೆವ್ವದ ಕಥೆ ಬರೆಯುತ್ತಿದ್ದಾರೆ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ನನ್ನದೊಂದು ಕಂತು ಮುಗಿದಿರುತ್ತದೆ. ದೆವ್ವದ ಕಥೆಗಳೇ ನನಗೆ ಹೆಚ್ಚು ಇಷ್ಟ. ಬದುಕಿದ್ದಾಗ ಬಾಯಿ ಬಿಡದ ಸೊಸೆ ಸತ್ತ ಮೇಲಾದರೂ ಮಾತನಾಡುತ್ತಾಳಲ್ಲ!

ಕಾಗುಣಿತ ತಪ್ಪಿರುತ್ತದೆ, ನಿಜ; ಮನ್ನಿಸಬಲ್ಲೆ. ನಾಯಕ ಕೆನ್ನೆಗೆ ಹೊಡೆದದ್ದನ್ನೇ ಪ್ರೀತಿ ಎನ್ನುವ ಕಥೆಯನ್ನು ಮಾತ್ರ ಮನ್ನಿಸಲಾರೆ. ಅದನ್ನು ಹೇಳಬೇಕಾದ ವಿಮರ್ಶಕರು ಓದುವುದೇ ಇಲ್ಲ. ಹಾಗಾಗಿ ಅಂಥ ಕಂತಿನ ಕೆಳಗೆ ನಾನೇ ನೇರವಾಗಿ ಬರೆದು ಹಾಕುತ್ತೇನೆ, ಲೇಖಕಿ ಮುಂದಿನ ಕಂತಿಗೆ ಕೂರುವ ಮೊದಲೇ.