ಮನೆಗೆ ಬಂದ ಬುತ್ತಿ: ಜಡ್ಡಿನ ಕಾಲದ ಪಾರ್ಸೆಲ್ ಊಟ

ಹೊರಗಿನಿಂದ ಊಟ ತರಿಸುವುದು ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಮನೆಗಳಲ್ಲಿ ಇಂದಿಗೂ ಸಂಕೋಚದ ಸಂಗತಿಯೇ ಆಗಿದೆ. ಸಂತೆಗೆ ಬಂದವರು ಖಾನಾವಳಿಯಲ್ಲಿ ಉಣ್ಣಬಹುದು, ಕಚೇರಿ ಕೆಲಸಕ್ಕೆ ಬಂದವರು ಉಣ್ಣಬಹುದು, ಒಲೆಯಿರುವ ಮನೆಗೆ ಡಬ್ಬಿ ಬಂದರೆ ಮಾತ್ರ ಓಣಿಯವರು "ಮನ್ಯಾಗ ಹೆಣ್ಮಕ್ಕಳಿಲ್ಲೇನು?" ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಗೆ ಅಂಜಿ, 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊರೋನಾದ ಎರಡನೆಯ ಅಲೆ ಬಂದಾಗ, ಜ್ವರದ ಮೈಯಲ್ಲಿಯೇ ಎಷ್ಟೋ ತಾಯಂದಿರು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದರು. ಅದನ್ನು ನಾವು ತ್ಯಾಗವೆಂದು ಹೊಗಳಿದೆವು. ಹೊಗಳಬಾರದಿತ್ತು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಾರಣ ಸರಳವಾಗಿದೆ. ಆ ರೋಗದಲ್ಲಿ ರಕ್ತದ ಆಮ್ಲಜನಕ ಸದ್ದಿಲ್ಲದೆ ಇಳಿಯುತ್ತಿತ್ತು. ಕುಳಿತಾಗ ಸರಿಯಾಗಿಯೇ ಕಾಣುತ್ತಿದ್ದ ಪ್ರಮಾಣ ದಣಿವಾದಾಗ ಕುಸಿಯುತ್ತಿತ್ತು. ವೈದ್ಯರು ಆರು ನಿಮಿಷ ನಡೆಸಿ ಬೆರಳಿಗೆ ಆಕ್ಸಿಮೀಟರ್ ಹಚ್ಚಿ ನೋಡುತ್ತಿದ್ದುದು ಇದಕ್ಕಾಗಿಯೇ. ಆರು ನಿಮಿಷದ ನಡಿಗೆಯೇ ಪರೀಕ್ಷೆಯಾಗುವ ದೇಹಕ್ಕೆ ಇಪ್ಪತ್ತು ರೊಟ್ಟಿ ತಟ್ಟುವ ಕೆಲಸ ಎಂಥದು ಎಂಬುದನ್ನು ಯೋಚಿಸಬೇಕು. ಮೇಲಾಗಿ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ರೋಗಿಯೇ ಅಡುಗೆಗೆ ನಿಂತರೆ ಪ್ರತ್ಯೇಕ ಕೋಣೆಯ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಇನ್ನೊಂದು ಅಂಜಿಕೆ ಊಟದ್ದೇ ಆಗಿತ್ತು. ಡಬ್ಬಿಯ ಜೊತೆಗೆ ರೋಗವೂ ಬಂದೀತೆಂದು ಜನ ಹೆದರಿದರು. ಕೆಲವರು ಪೊಟ್ಟಣಗಳನ್ನು ಸಾಬೂನಿನಿಂದ ತೊಳೆದರು, ಬಿಸಿಲಿಗೆ ಇಟ್ಟರು. ಆಹಾರದ ಮೂಲಕ ಈ ರೋಗ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಅಪಾಯವಿದ್ದದ್ದು ಖಾನಾವಳಿಯ ಬಾಗಿಲಲ್ಲಿ ಹೆಗಲಿಗೆ ಹೆಗಲು ತಾಗಿಸಿ, ಮುಖಗವಸನ್ನು ಗದ್ದಕ್ಕೆ ಇಳಿಸಿಕೊಂಡು ಕೂಗಾಡುತ್ತಿದ್ದ ಗುಂಪಿನಲ್ಲಿ. ಊಟಕ್ಕೆ ಹೆದರಿದವರು ಆ ಗುಂಪಿಗೆ ಹೆದರಲಿಲ್ಲ.

ಹಾಗೆಂದು ಪಾರ್ಸೆಲ್ ಊಟ ನಿರಪಾಯವೆಂದು ನಾವು ಹೇಳುತ್ತಿಲ್ಲ. ಅದರ ಅಪಾಯ ಬೇರೆ ಬಗೆಯದು, ಅದನ್ನು ನಾವು ಅನುಭವಿಸಿಯೇ ಕಲಿತೆವು. ಆ ಮೇ ತಿಂಗಳಲ್ಲಿ ಪೇಟೆಯ ವ್ಯವಹಾರಕ್ಕೆ ಬೆಳಗಿನ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ನಮ್ಮ ಮನೆಯ ಮೂವರು ಹಾಸಿಗೆ ಹಿಡಿದಿದ್ದರು. ಒಂಬತ್ತು ಗಂಟೆಗೆ ಅನ್ನ, ಸಾರು, ಪಲ್ಯ ಕಟ್ಟಿಸಿಕೊಂಡು ಬಂದು, ಕಟ್ಟಿದ ಚೀಲದಲ್ಲಿಯೇ ಅಡುಗೆಕಟ್ಟೆಯ ಮೇಲಿಟ್ಟು, ಎರಡು ಗಂಟೆಗೆ ಉಂಡೆವು. ಸಂಜೆಯೊಳಗೆ ಮಕ್ಕಳಿಬ್ಬರಿಗೂ ವಾಂತಿ. ಖಾನಾವಳಿಯವರನ್ನು ಬೈದೆವು, ಆಮೇಲೆ ಲೆಕ್ಕ ಹಾಕಿದಾಗ ತಪ್ಪು ಬಹುಪಾಲು ನಮ್ಮದೇ ಎಂದು ತಿಳಿಯಿತು. ಬೆಂದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೆ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಉಗುರುಬೆಚ್ಚನೆಯಲ್ಲಿ ಎರಡು ಗಂಟೆ ಮೀರಬಾರದು. ನಮ್ಮ ಬೇಸಿಗೆಯಲ್ಲಾದರೆ ಒಂದೇ ಗಂಟೆ. ನಾವು ಐದು ಗಂಟೆ ಇಟ್ಟಿದ್ದೆವು. ಅದರಲ್ಲಿಯೂ ಅನ್ನ ಮೋಸದ ಪದಾರ್ಥ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ; ಬೆಚ್ಚಗೆ ಬಿಟ್ಟರೆ ಮೊಳೆತು ವಿಷವನ್ನು ಉಂಟುಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅಂದು ಊಟ ಬಡಿಸಿದವರಿಗೆ ರೋಗದಿಂದ ವಾಸನೆಯೇ ಹೋಗಿತ್ತು. ಹಳಸಿದ್ದನ್ನು ಮೂಗಿನಿಂದ ಹಿಡಿಯುವುದು ನಮ್ಮ ಹಿರಿಯರು ಕಲಿಸಿದ ಪರೀಕ್ಷೆ. ಮೂಗೇ ಕೆಲಸ ಬಿಟ್ಟ ಮನೆಯಲ್ಲಿ ಗಡಿಯಾರವನ್ನೇ ನಂಬಬೇಕಾಗುತ್ತದೆ. ಚೀಲದ ಮೇಲೆ ತಂದ ಹೊತ್ತನ್ನು ಬರೆದಿಡುವುದು ಆ ದಿನದಿಂದ ನಮ್ಮ ರೂಢಿಯಾಯಿತು. ವಿಷವಿದ್ದ ಆಹಾರವೆಲ್ಲ ವಾಸನೆ ಬರುತ್ತದೆ ಎಂದೂ ಇಲ್ಲ.

ಹಾಗಾದರೆ ಏನು ತರಿಸಬೇಕು? ಉತ್ತರ ನಮ್ಮ ಎರೆಭೂಮಿಯ ಬಿಳಿಜೋಳದಲ್ಲಿಯೇ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ: ಇವುಗಳಲ್ಲಿ ನೀರಿನಂಶವಿಲ್ಲ, ಆದ್ದರಿಂದ ಸೂಕ್ಷ್ಮಾಣುಗಳಿಗೆ ಬಾಳ್ವೆಯಿಲ್ಲ. ಹೊಲಕ್ಕೆ, ಜಾತ್ರೆಗೆ, ದೂರದ ಪಯಣಕ್ಕೆ ಬುತ್ತಿ ಕಟ್ಟಿದವರು ಸೂಕ್ಷ್ಮಾಣುವಿನ ಹೆಸರು ಕೇಳದೆಯೇ ಈ ಮರ್ಮವನ್ನು ಅರಿತಿದ್ದರು. ಒಂದು ಸಲ ತಂದ ರೊಟ್ಟಿ ಒಣ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ದಿನವೂ ಗುಂಪಿನಲ್ಲಿ ನಿಲ್ಲುವುದು ತಪ್ಪುತ್ತದೆ. ಎಣಗಾಯಿ, ಹೆಸರುಕಾಳು, ಪುಂಡಿಪಲ್ಯಗಳನ್ನು ಮಾತ್ರ ಆ ಹೊತ್ತಿಗೆ ಬೇಕಾದಷ್ಟೇ ತಂದು, ಕುದಿ ಬರುವಂತೆ ಬಿಸಿ ಮಾಡಿ ಉಣ್ಣಬೇಕು. ಗಟ್ಟಿ ರೊಟ್ಟಿ ನುಂಗಲಾರದ ವೃದ್ಧರಿಗೆ ಜೋಳದ ನುಚ್ಚು, ಮಜ್ಜಿಗೆ, ಹೆಸರುಬೇಳೆಯ ತಿಳಿ ಸಾಕು. ಅಷ್ಟನ್ನು ಮನೆಯ ಗಂಡಸರೂ ಕುದಿಸಬಲ್ಲರು, ಕುದಿಸಬೇಕು.

ಪಾರ್ಸೆಲ್ ಎಂದೊಡನೆ ಗೋಬಿ ಮಂಚೂರಿ, ಮಿರ್ಚಿ ಭಜಿ, ಸಿಹಿ ಪೊಟ್ಟಣ ತರುವ ಗೃಹಸ್ಥರನ್ನೂ ನಾವು ಕಂಡಿದ್ದೇವೆ. "ಬಾಯಿ ಕೆಟ್ಟದ, ಏನರ ರುಚಿ ಬೇಕು" ಎಂಬ ಅವರ ಮಾತು ಸುಳ್ಳಲ್ಲ. ಆದರೆ ಆ ಕಾಲದಲ್ಲಿ ಉಸಿರಾಟದ ತೊಂದರೆಗೆ ಕೊಡುತ್ತಿದ್ದ ಸ್ಟೀರಾಯ್ಡ್ ಔಷಧ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮಧುಮೇಹವಿದ್ದವರಿಗೆ ಅಂಥ ದಿನಗಳಲ್ಲಿ ತಂದ ಪೇಢೆ ಪ್ರೀತಿಯಿಂದ ಕೊಟ್ಟ ಹಾನಿಯೇ ಸರಿ.

ಕಟ್ಟುವ ಬಗೆಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಸುದ್ದಿಪತ್ರಿಕೆಯ ಹಾಳೆಯಲ್ಲಿ ತಿನಿಸು ಕಟ್ಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ; ಶಾಯಿ ಎಣ್ಣೆಗೆ ಇಳಿಯುತ್ತದೆ. ಅದೇ ವರ್ಷ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವೂ ಬಂತು. ಆದರೂ ಕುದಿಯುವ ಸಾರು ತೆಳು ಚೀಲದಲ್ಲಿಯೇ ಬರುತ್ತಿದೆ. ಮನೆಯ ಸ್ಟೀಲ್ ಡಬ್ಬಿ ಒಯ್ಯಲು ನಮಗೇಕೆ ನಾಚಿಕೆ?

ಖಾನಾವಳಿಗಳ ಹಿಂದೆ ನಿಂತ ಕೈಗಳನ್ನೂ ನೆನೆಯಬೇಕು. ತಮ್ಮ ಮನೆಯಲ್ಲಿಯೇ ರೊಟ್ಟಿ ಬಡಿದು ಲೆಕ್ಕದ ಮೇಲೆ ಖಾನಾವಳಿಗೆ ಕೊಡುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇದ್ದಾರೆ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಇವರ ಹಂಚು ತಣ್ಣಗಾಯಿತು. ಕುಳಿತು ಉಣ್ಣಲು ಹೋಟೆಲುಗಳಿಗೆ ಮತ್ತೆ ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಜಡ್ಡಾದ ಮನೆಯವರು ನೇರವಾಗಿ ಇವರಿಂದಲೇ ರೊಟ್ಟಿ ಕೊಂಡರೆ ಎರಡೂ ಮನೆ ಉಣ್ಣುತ್ತವೆ. ಇದು ಕಾಯಕಕ್ಕೆ ಕೊಡುವ ಬೆಲೆ. ಚೌಕಾಸಿ ಮಾಡುವ ಸ್ಥಳವಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಚೀಟಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದೆ. ರೊಟ್ಟಿ ಕೊಡುವ ಇಬ್ಬರು ತಾಯಂದಿರ ಮತ್ತು ಒಂದು ಖಾನಾವಳಿಯ ಫೋನ್ ಸಂಖ್ಯೆಗಳು ಅದರಲ್ಲಿವೆ. ಕಳೆದ ತಿಂಗಳು ಮನೆಯವರಿಗೆ ಸಾಧಾರಣ ಜ್ವರ ಬಂದಾಗ ಯಾರೂ ಅವರನ್ನು ಕೇಳಲಿಲ್ಲ. ಹಿರಿಯ ಮಗ ಚೀಟಿ ನೋಡಿ ಫೋನ್ ಮಾಡಿದ, ಡಬ್ಬಿ ಹಿಡಿದು ಹೋದ.