ಲೆಕ್ಕ ಹಡಗಿನಿಂದ ಹಿಂದಕ್ಕೆ ಬರಲಿ: ಮರದ ಚಕ್ಕೆಯ ರಫ್ತು ಕಲಿಸುವ ಪಾಠ

ಸಸಿ ನೆಟ್ಟ ದಿನದಿಂದ ಮುಂದಕ್ಕೆ ಲೆಕ್ಕ ಹಾಕಿದರೆ ಯಾವ ನೆಡುತೋಪಾದರೂ ಲಾಭದಾಯಕವಾಗಿಯೇ ಕಾಣುತ್ತದೆ. ಎಕರೆಗೆ ಇಷ್ಟು ಸಸಿ, ಸಸಿಗೆ ಇಷ್ಟು ಬೆಳವಣಿಗೆ, ಟನ್ನಿಗೆ ಇಷ್ಟು ದರ ಎಂದು ಗುಣಿಸುತ್ತ ಹೋದಂತೆ ಕಾಗದದ ಮೇಲೆ ಹಣವೂ ಬೆಳೆಯುತ್ತದೆ. ಆದರೆ ಖರೀದಿದಾರನು ಹಣ ತೆರುವುದು ಸಸಿಗಲ್ಲ, ಬಂದರಿನಲ್ಲಿ ಹಡಗಿಗೆ ತುಂಬಿದ ಸರಕಿಗೆ. ಆದ್ದರಿಂದ ಲೆಕ್ಕವು ಹಡಗಿನಿಂದ ಆರಂಭವಾಗಿ ತೋಪಿಗೆ ಹಿಂದಿರುಗಬೇಕು ಎಂಬುದು ಈ ಲೇಖನದ ವಾದ. ಇದಕ್ಕೆ ಆಸ್ಟ್ರೇಲಿಯಾದ ಮರದ ಚಕ್ಕೆಯ, ಅಂದರೆ ವ್ಯವಹಾರದಲ್ಲಿ ವುಡ್ ಚಿಪ್ಸ್ ಎಂದು ಕರೆಯುವ ಸರಕಿನ, ರಫ್ತು ಉದ್ಯಮವು ಉತ್ತಮ ನಿದರ್ಶನ.

ಆ ದೇಶದಿಂದ ಜಪಾನಿನ ಕಾಗದ ಕಾರ್ಖಾನೆಗಳಿಗೆ ಚಕ್ಕೆಯ ರಫ್ತು 1970ರ ಸುಮಾರಿಗೆ ಆರಂಭವಾಯಿತು. ಮೊದಲಿಗೆ ಸ್ವಾಭಾವಿಕ ಅರಣ್ಯದ ಮರವೇ ಕಚ್ಚಾವಸ್ತುವಾಗಿತ್ತು. 1980ರ ದಶಕದ ಕೊನೆಯಿಂದ ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಭಾಗದಲ್ಲಿ, ಆನಂತರ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳ ಗಡಿ ಪ್ರದೇಶದಲ್ಲಿ, ಬ್ಲೂ ಗಮ್ ಎಂಬ ನೀಲಗಿರಿ ಜಾತಿಯ ನೆಡುತೋಪುಗಳು ತಲೆಯೆತ್ತಿದವು. ಈ ಮರ ನಮಗೆ ಅಪರಿಚಿತವಲ್ಲ. ಉದಕಮಂಡಲದ ನೀಲಗಿರಿ ಎಣ್ಣೆ ದೊರೆಯುವುದು ಇದೇ ಜಾತಿಯ ಎಲೆಯಿಂದ. ಅಲ್ಲಿ ಇದನ್ನು ಹತ್ತು ಹನ್ನೆರಡು ವರ್ಷ ಬೆಳೆಸಿ ಕಡಿಯುತ್ತಾರೆ. ಆಲ್ಬನಿ, ಬನ್‌ಬರಿ, ಪೋರ್ಟ್‌ಲೆಂಡ್ ಇದರ ಪ್ರಮುಖ ರಫ್ತು ಬಂದರುಗಳು.

ದಿಮ್ಮಿಯಿಂದ ಚಕ್ಕೆಗೆ

ಉತ್ಪಾದನೆಯ ಕ್ರಮ ನೋಡಲು ಸರಳವಾದುದು. ಒಂದೇ ಯಂತ್ರವು ಮರವನ್ನು ಬುಡದಲ್ಲಿ ಕತ್ತರಿಸಿ, ಕೊಂಬೆ ಸವರಿ, ತೊಗಟೆ ಸುಲಿದು, ನಿಗದಿತ ಉದ್ದಕ್ಕೆ ತುಂಡು ಮಾಡುತ್ತದೆ. ತೊಗಟೆಯನ್ನು ತೋಪಿನಲ್ಲಿಯೇ ಬಿಡುತ್ತಾರೆ. ಮರ ಹಸಿಯಾಗಿರುವಾಗ ತೊಗಟೆ ಸುಲಭವಾಗಿ ಬಿಡುತ್ತದೆ, ಒಣಗಿದ ಮೇಲೆ ಕಚ್ಚಿಕೊಳ್ಳುತ್ತದೆ. ಹೀಗಾಗಿ ಈ ಕೆಲಸದಲ್ಲಿ ವಿಳಂಬ ಸಲ್ಲದು. ಬಳಿಕ ದಿಮ್ಮಿಗಳನ್ನು ಲಾರಿಯಲ್ಲಿ ಚಕ್ಕೆ ಕಾರ್ಖಾನೆಗೆ ಸಾಗಿಸಲಾಗುತ್ತದೆ. ಕೆಲವು ಕಡೆ ಯಂತ್ರವನ್ನೇ ತೋಪಿಗೆ ಒಯ್ದು, ಅಲ್ಲಿಯೇ ಚಕ್ಕೆ ಮಾಡಿ ನೇರವಾಗಿ ಲಾರಿಗೆ ತುಂಬುವ ಪದ್ಧತಿಯೂ ಇದೆ.

ಕಾರ್ಖಾನೆಯಲ್ಲಿ ವೇಗವಾಗಿ ತಿರುಗುವ ಭಾರೀ ಉಕ್ಕಿನ ತಟ್ಟೆಗೆ ಕತ್ತಿಗಳನ್ನು ಜೋಡಿಸಿರುತ್ತಾರೆ. ದಿಮ್ಮಿಯು ಅದಕ್ಕೆ ತಾಗಿದೊಡನೆ ಸುಮಾರು 20ರಿಂದ 25 ಮಿಲಿಮೀಟರ್ ಉದ್ದದ, ಕೆಲವೇ ಮಿಲಿಮೀಟರ್ ದಪ್ಪದ ಚಕ್ಕೆಗಳಾಗಿ ಹಾರುತ್ತದೆ. ಅನಂತರ ಜರಡಿ. ದಪ್ಪನೆಯ ತುಂಡುಗಳು ಮತ್ತೆ ಕತ್ತಿಗೆ ಹೋಗುತ್ತವೆ, ಪುಡಿಯು ಬಾಯ್ಲರಿಗೋ ತೋಟದ ಮುಚ್ಚಿಗೆಗೋ ಸಲ್ಲುತ್ತದೆ. ಉಳಿದುದು ಮಾತ್ರ ರಫ್ತಿನ ಸರಕು.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. ತಿರುಳು ಕಾರ್ಖಾನೆಯಲ್ಲಿ ಚಕ್ಕೆಯನ್ನು ರಾಸಾಯನಿಕ ದ್ರಾವಣದಲ್ಲಿ ಬೇಯಿಸುತ್ತಾರೆ. ದಪ್ಪ ಚಕ್ಕೆಯ ಒಳಭಾಗ ಬೇಯದೆ ಉಳಿದರೆ, ಪುಡಿಯು ಅತಿಯಾಗಿ ಬೆಂದು ಕರಗಿಹೋಗುತ್ತದೆ. ತೊಗಟೆಯಿದ್ದರೆ ಕಾಗದದ ಬಿಳುಪು ಕೆಡುತ್ತದೆ. ಆದುದರಿಂದ ಪುಡಿಗೂ ತೊಗಟೆಗೂ ಒಪ್ಪಂದದಲ್ಲಿ ಮಿತಿಯಿರುತ್ತದೆ. ಕತ್ತಿಯ ಅಲಗು ಮೊಂಡಾದರೆ ಪುಡಿ ಹೆಚ್ಚುತ್ತದೆ. ಅಂದರೆ ಕತ್ತಿ ಮಸೆಯುವ ಕೆಲಸಗಾರನ ಶ್ರದ್ಧೆಯು ಮಾರಾಟದ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಸಣ್ಣ ತಯಾರಕರು ಇದನ್ನು ಗಮನಿಸಬೇಕು.

ನೀರಿಗೆ ಬೆಲೆಯಿಲ್ಲ

ಲೆಕ್ಕಿಗನಿಗೆ ಈ ವ್ಯಾಪಾರದಲ್ಲಿ ಅತ್ಯಂತ ಸ್ವಾರಸ್ಯಕರವಾದುದು ಅದರ ಅಳತೆ. ಈಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಖರೀದಿದಾರನಿಗೆ ಬೇಕಾದುದು ನಾರು. ಹೀಗಾಗಿ ದರವನ್ನು ಪೂರ್ಣ ಒಣ ಟನ್ನಿನ ಲೆಕ್ಕದಲ್ಲಿ ಗೊತ್ತುಮಾಡುತ್ತಾರೆ. ಹಡಗು ತುಂಬುವಾಗ ಸಾಗುಪಟ್ಟಿಯಿಂದ ಮಾದರಿ ತೆಗೆದು, 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೇವಾಂಶವನ್ನು ನಿರ್ಧರಿಸಲಾಗುತ್ತದೆ.

ತಲಾ 100 ಟನ್ನಿನ ಎರಡು ಸರಕುಗಳಿವೆ ಎನ್ನೋಣ. ಒಂದರ ತೇವಾಂಶ ಶೇಕಡಾ 50, ಇನ್ನೊಂದರದು 45. ಮೊದಲನೆಯದರಲ್ಲಿ 50 ಒಣ ಟನ್, ಎರಡನೆಯದರಲ್ಲಿ 55. ಲಾರಿ ಬಾಡಿಗೆ ಎರಡಕ್ಕೂ ಒಂದೇ, ಆದರೆ ಆದಾಯದಲ್ಲಿ ಶೇಕಡಾ 10ರ ಅಂತರ. ಹಾಗೆಂದು ದಿಮ್ಮಿಯನ್ನು ಅತಿಯಾಗಿ ಒಣಗಿಸಿದರೆ ಕತ್ತಿ ಬೇಗ ಸವೆದು ಪುಡಿ ಹೆಚ್ಚುತ್ತದೆ. ಈ ಎರಡರ ನಡುವಣ ಹದವನ್ನು ಅರಿಯುವುದೇ ವ್ಯವಹಾರ ಕೌಶಲ.

ಈಗ ಹಡಗಿನಿಂದ ಹಿಂದಕ್ಕೆ ಬರೋಣ. ಇಲ್ಲಿಯ ಅಂಕಿಗಳು ಕೇವಲ ಉದಾಹರಣೆಗಾಗಿ. ಬಂದರಿನಲ್ಲಿ ಸರಕಿನ ಬೆಲೆ 100 ರೂಪಾಯಿ. ಚಕ್ಕೆ ಮಾಡಿ, ರಾಶಿ ಹಾಕಿ, ಹಡಗಿಗೆ ತುಂಬಲು 20. ಸಾಗಾಣಿಕೆಗೆ 20. ಕಟಾವಿಗೆ 30. ಉಳಿದ 30 ರೂಪಾಯಿ ನಿಂತ ಮರದ ಬೆಲೆ. ಭೂಮಿಯ ಗೇಣಿ, ಹತ್ತು ವರ್ಷಗಳ ಆರೈಕೆ, ಬಡ್ಡಿ, ಬೆಳೆದವನ ಲಾಭ ಎಲ್ಲವೂ ಇದರೊಳಗೇ ಬರಬೇಕು.

ಮಾರುಕಟ್ಟೆಯ ದರ ಶೇಕಡಾ 10ರಷ್ಟು ಇಳಿಯಿತೆನ್ನಿ. ವೆಚ್ಚವೇನೂ ಇಳಿಯುವುದಿಲ್ಲ. ನಿಂತ ಮರದ ಬೆಲೆ 30ರಿಂದ 20ಕ್ಕೆ, ಅಂದರೆ ಮೂರನೆಯ ಒಂದು ಭಾಗ ಕುಸಿಯುತ್ತದೆ. ತೋಪು ಬಂದರಿಗೆ ಎರಡರಷ್ಟು ದೂರವಿದ್ದು ಸಾಗಾಣಿಕೆ 40 ಆದರೆ ಉಳಿಯುವುದು 10 ಮಾತ್ರ. ಎರಡೂ ಒಟ್ಟಿಗೆ ಸಂಭವಿಸಿದರೆ ಮರದ ಬೆಲೆ ಸೊನ್ನೆ! ಮರ ಎಷ್ಟೇ ಸೊಗಸಾಗಿ ಬೆಳೆದಿದ್ದರೂ ಈ ಫಲಿತಾಂಶ ಬದಲಾಗದು.

ತೆರಿಗೆಗಾಗಿ ನೆಟ್ಟ ಮರ

ಈ ಸರಳ ಲೆಕ್ಕವನ್ನು ಕಡೆಗಣಿಸಿದುದರ ಫಲವನ್ನು ಆಸ್ಟ್ರೇಲಿಯಾ ಉಂಡಿತು. ನೆಡುತೋಪಿನ ವಿಸ್ತೀರ್ಣವನ್ನು 2020ರೊಳಗೆ ಮೂರು ಪಟ್ಟು ಹೆಚ್ಚಿಸುವ ಗುರಿಯನ್ನು 1997ರಲ್ಲಿ ಪ್ರಕಟಿಸಲಾಯಿತು. ಸಾರ್ವಜನಿಕರಿಂದ ಹಣ ಪಡೆದು ತೋಪು ಬೆಳೆಸುವ ಯೋಜನೆಗಳಿಗೆ ಮಹಾಪೂರ ಬಂತು. ಹೂಡಿದ ಹಣವನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು ಅವಕಾಶವಿದ್ದುದೇ ಮುಖ್ಯ ಆಕರ್ಷಣೆ. ಅಲ್ಲಿಯ ಹಣಕಾಸು ವರ್ಷ ಮುಗಿಯುವ ಜೂನ್ ತಿಂಗಳಲ್ಲಿ ಮಾರಾಟದ ಭರಾಟೆ ಏರುತ್ತಿತ್ತು. ನಮ್ಮ ಮಾರ್ಚ್ ತಿಂಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯೋಜನೆಗಳನ್ನು ಶಿಫಾರಸು ಮಾಡಿದವರಲ್ಲಿ ಹಣಕಾಸು ಸಲಹೆಗಾರರೂ ನನ್ನ ವೃತ್ತಿಯ ಲೆಕ್ಕಿಗರೂ ಇದ್ದರು, ಅವರಿಗೆ ಕಮಿಷನ್ ಸಂದಾಯವಾಗುತ್ತಿತ್ತು. 2007ರಲ್ಲಿ ಅಲ್ಲಿಯ ಸರ್ಕಾರವು ಕನಿಷ್ಠ ಶೇಕಡಾ 70ರಷ್ಟು ಹಣ ಮರ ಬೆಳೆಸುವ ನೇರ ವೆಚ್ಚಕ್ಕೇ ಹೋಗಬೇಕೆಂಬ ನಿಯಮ ತಂದಿತು. ಇಂಥ ನಿಯಮ ಬೇಕಾಯಿತೆಂಬುದೇ ಪರಿಸ್ಥಿತಿಗೆ ಕನ್ನಡಿ.

2009ರ ಏಪ್ರಿಲ್‌ನಲ್ಲಿ ಟಿಂಬರ್‌ಕಾರ್ಪ್, ಮೇ ತಿಂಗಳಲ್ಲಿ ಗ್ರೇಟ್ ಸದರ್ನ್ ಕಂಪನಿಗಳು ಕುಸಿದವು. 2008ರ ಜಾಗತಿಕ ಹಣಕಾಸು ಬಿಕ್ಕಟ್ಟು ತಕ್ಷಣದ ಕಾರಣವಾಗಿದ್ದರೂ ಮೂಲ ದೋಷ ಮೊದಲೇ ಇತ್ತು. ಹೊಸ ಹೂಡಿಕೆದಾರರ ಹಣ ನಿರಂತರವಾಗಿ ಹರಿದುಬರುವುದನ್ನೇ ಅವು ನೆಚ್ಚಿದ್ದವು. ಮಳೆ ಸಾಲದ ಮತ್ತು ಬಂದರಿಗೆ ದೂರವಾದ ನೆಲದಲ್ಲೂ ಮರ ನೆಡಲಾಗಿತ್ತು. ಸಾಲ ಮಾಡಿ ಹೂಡಿದವರ ಪಾಡು ದಾರುಣ: ಯೋಜನೆ ಮುಳುಗಿತು, ಸಾಲ ಉಳಿಯಿತು. ಆ ದೇಶದ ಸೆನೆಟ್ ಸಮಿತಿಯು 2016ರಲ್ಲಿ ನೀಡಿದ ವರದಿಯ ಶೀರ್ಷಿಕೆಯೇ ‘ಕಹಿ ಕೊಯ್ಲು’ ಎಂಬ ಅರ್ಥದ್ದು.

ಆದರೂ ಚಕ್ಕೆಯ ವ್ಯಾಪಾರ ನಿಲ್ಲಲಿಲ್ಲ. ಬಂದರಿಗೆ ಸಮೀಪದ ಉತ್ತಮ ತೋಪುಗಳನ್ನು ಇತರರು ಕೊಂಡು, ಕಟಾವು ಮಾಡಿ ರಫ್ತು ಮಾಡಿದರು. ದೂರದ ಎಷ್ಟೋ ತೋಪುಗಳು ಮತ್ತೆ ಹುಲ್ಲುಗಾವಲಾದವು. ಕೆಟ್ಟದ್ದು ಮರವಲ್ಲ, ಲೆಕ್ಕ.

ನಮ್ಮ ಸದಸ್ಯರಿಗೆ ಇದರಿಂದೇನು?

ನಮ್ಮ ದೇಶದ ರಫ್ತು ನೀತಿಯಲ್ಲಿ ದಿಮ್ಮಿ, ಚಕ್ಕೆಗಳು ಬಹುಕಾಲ ನಿಷೇಧದ ಪಟ್ಟಿಯಲ್ಲಿಯೇ ಇದ್ದವು. ನಮ್ಮ ಕೆಲವು ಕಾಗದ ಕಾರ್ಖಾನೆಗಳು ಹೊರದೇಶದಿಂದ ಚಕ್ಕೆ ತರಿಸಿಕೊಂಡದ್ದೂ ಉಂಟು. ಆದ್ದರಿಂದ ಚಕ್ಕೆಯ ರಫ್ತು ನಮ್ಮ ಕಸುಬಲ್ಲ. ಆದರೆ ನೆಡುತೋಪಿನ ಆಮಿಷ ನಮಗೆ ಹೊಸದಲ್ಲ. 1990ರ ದಶಕದ ತೇಗದ ಯೋಜನೆಗಳಲ್ಲಿ ಉಳಿತಾಯ ಕಳೆದುಕೊಂಡವರು ಅನೇಕರಿದ್ದಾರೆ. ಅದರ ಬಳಿಕವೇ ಸೆಬಿಯು 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮಾವಳಿ ರೂಪಿಸಿತು. ಇಂದು ಶ್ರೀಗಂಧ, ಮಹಾಗನಿಗಳ ಹೆಸರಿನಲ್ಲಿ ಅದೇ ಬಗೆಯ ಪ್ರಸ್ತಾವಗಳು ಬರುತ್ತಿವೆ. ಹಣ ಹೂಡುವ ಮುನ್ನ ಸದಸ್ಯರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳಿತು.

1. ಕೊನೆಯ ಖರೀದಿದಾರ ಯಾರು? ಯಾವ ಅಳತೆಯಲ್ಲಿ, ಯಾವ ಗುಣಮಟ್ಟಕ್ಕೆ ಹಣ ಕೊಡುತ್ತಾನೆ?

2. ಆ ಬೆಲೆಯಿಂದ ಕಟಾವು, ಸಂಸ್ಕರಣೆ, ಸಾಗಾಣಿಕೆಗಳನ್ನು ಕಳೆದು ನಿಂತ ಮರಕ್ಕೆ ಉಳಿಯುವುದೆಷ್ಟು? ದರ ಶೇಕಡಾ 10 ಇಳಿದರೆ ಎಷ್ಟು?

3. ತೆರಿಗೆಯ ಉಳಿತಾಯವನ್ನು ಬದಿಗಿಟ್ಟರೂ ಯೋಜನೆ ಲಾಭದಾಯಕವೇ?

4. ಸಲಹೆ ನೀಡುವವರ ಶುಲ್ಕವನ್ನು ಕೊಡುವವರು ಯಾರು, ನೀವೋ ಯೋಜನೆಯ ಕಂಪನಿಯೋ?

ಲೆಕ್ಕಪತ್ರವನ್ನು ಓದುವವರಿಗೆ ಇನ್ನೊಂದು ಎಚ್ಚರಿಕೆ. ಇಂಡ್ ಎಎಸ್ 41ರ ಪ್ರಕಾರ ಕಡಿದು ಮಾರಲೆಂದು ಬೆಳೆಸಿದ ನಿಂತ ಮರವನ್ನು ನ್ಯಾಯೋಚಿತ ಮೌಲ್ಯದಲ್ಲಿ ತೋರಿಸಿ, ವರ್ಷದ ಏರಿಕೆಯನ್ನು ಲಾಭವೆಂದು ದಾಖಲಿಸಬೇಕಾಗುತ್ತದೆ. ಇದು ನಗದಲ್ಲ, ಅಂದಾಜು. ಆ ಅಂದಾಜಿನ ಹಿಂದೆ ಇಳುವರಿ, ದರ, ದೂರಗಳ ಬಗ್ಗೆ ಯಾವ ಊಹೆಗಳಿವೆ ಎಂಬುದನ್ನು ಟಿಪ್ಪಣಿಗಳಲ್ಲಿ ಹುಡುಕಿ ಓದಬೇಕು.

ತೆರಿಗೆ ವಿನಾಯಿತಿಯು ಒಳ್ಳೆಯ ವ್ಯವಹಾರವನ್ನು ಇನ್ನಷ್ಟು ಒಳ್ಳೆಯದಾಗಿಸಬಲ್ಲದು. ಕೆಟ್ಟ ವ್ಯವಹಾರವನ್ನು ಒಳ್ಳೆಯದಾಗಿಸಲು ಅದಕ್ಕೆ ಸಾಧ್ಯವಿಲ್ಲ. ಮುಂದಿನ ಮಾರ್ಚ್‌ನಲ್ಲಿ ಬಣ್ಣದ ಕೈಪಿಡಿಯೊಂದು ತಮ್ಮ ಮೇಜಿಗೆ ಬಂದಾಗ, ಅದನ್ನು ಕೊನೆಯ ಪುಟದ ಖರೀದಿದಾರನಿಂದ ಮೊದಲ ಪುಟದ ಸಸಿಯ ಕಡೆಗೆ ಓದಬೇಕೆಂಬುದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.